ಮೇಜರ್‌ನ ಕ್ಲಚ್ಚು

ಮನೆಯಲ್ಲಿದ್ದ ಬಿಸಿನೀರಿನ ಚೀಲ ಒಂದೇ, ನೋಯುವ ಮೊಣಕಾಲು ಎರಡು. ಒಂದು ಡ್ರೈವರ ಎಡ ಮೊಣಕಾಲು. ಲಾರಿಯ ಕ್ಲಚ್ ಒತ್ತಿ ಒತ್ತಿ ಸವೆದದ್ದು ಅದು, ಬೀದಿಗೆಲ್ಲ ಗೊತ್ತು. ಇನ್ನೊಂದು ಅವರ ಹೆಂಡತಿಯ ಬಲ ಮೊಣಕಾಲು. ಅದು ಯಾಕೆ ಕೆಟ್ಟಿತು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಸಂಜೆ ಊಟಕ್ಕೆ ಮುಂಚೆ ಇಬ್ಬರೂ ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಎರಡು ಮೊಣಕಾಲಿನ ನಡುವೆ ಚೀಲ ಸಿಕ್ಕಿಸಿಕೊಳ್ಳುತ್ತಿದ್ದರು. ಆಕೆ ಯಾವಾಗಲೂ ಗಂಡನ ಎಡಕ್ಕೆ.

"ಮದುವೆ ಫೋಟೋದಲ್ಲೂ ನೀವು ಇಷ್ಟು ಹತ್ತಿರ ಕೂತಿಲ್ಲ" ಎಂದು ಮಗ ಗೇಲಿ ಮಾಡುತ್ತಿದ್ದ.

"ಆಗ ಮಂಡಿ ನೋವು ಇರಲಿಲ್ಲ ಕಣೋ" ಎನ್ನುತ್ತಿದ್ದರು ಡ್ರೈವರು.

ಸೊಸೆ ನಗುತ್ತಿದ್ದಳು. ನಗುತ್ತಲೇ ಅತ್ತೆಯ ಕಾಲು ನೋಡುತ್ತಿದ್ದಳು. ಊಟಕ್ಕೆ ಕೂತಾಗ, ತರಕಾರಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ ಕೂಡ ಆ ಬಲಗಾಲು ಸುಮ್ಮನೆ ಇರುತ್ತಿರಲಿಲ್ಲ. ಬೀದಿಯಲ್ಲಿ ಯಾವ ಲಾರಿಯ ಶಬ್ದ ಕೇಳಿದರೂ ಅದು ನೆಲವನ್ನು ಒತ್ತುತ್ತಿತ್ತು. ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೆಷಿನ್ನಿನ ಮುಂದೆ ದಿನಕ್ಕೆ ಎಂಟು ಗಂಟೆ ನಿಲ್ಲುವ ಹೆಣ್ಣು ಅವಳು. ಕಬ್ಬಿಣ ಎಲ್ಲಿ ಸವೆದಿದೆ ಎಂದು ಬೆರಳಲ್ಲಿ ಸವರಿ ಹೇಳಬಲ್ಲವಳಿಗೆ ಮನೆಯ ಮಂದಿಯ ಸವಕಲು ಕಾಣದೆ ಇರುತ್ತದೆಯೇ?

ಡ್ರೈವರ ಲಾರಿಗೆ ಮೇಜರ್ ಎಂದು ಹೆಸರು. ಸೈನ್ಯದವರು ಹರಾಜು ಹಾಕಿದಾಗ ತಂದದ್ದು, ಮಗನಿಗಿಂತ ಹಳೆಯದು. ಆರು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಗಾಡಿ. ಊರ ಹಿಂದಿನ ಗುಡ್ಡದ ಮೇಲೆ ಕಲ್ಲುಗಣಿ. ಅಲ್ಲಿಗೆ ಹೋಗುವ ದಾರಿ ಪೂರ್ತಿ ಜಲ್ಲಿ, ಹನ್ನೊಂದು ತಿರುವು. ಹೊಸ ಲಾರಿಗಳು ಮೂರನೇ ತಿರುವಿಗೇ ಚಕ್ರ ತಿರುಗಿಸಿಕೊಂಡು ನಿಂತುಬಿಡುತ್ತವೆ. ಮೇಜರ್ ಮಾತ್ರ ದಿನಾ ಬೆಳಿಗ್ಗೆ ಮೂವತ್ತು ಜನ ಕೆಲಸದವರನ್ನು ಹೊತ್ತು ಹತ್ತುತ್ತದೆ, ಸಂಜೆ ಇಳಿಸುತ್ತದೆ. ಆ ಮೂವತ್ತರಲ್ಲಿ ಮಗನೂ ಒಬ್ಬ. ಗಣಿಯ ತೂಕದ ಕಟ್ಟೆಯಲ್ಲಿ ಅವನು ಗುಮಾಸ್ತ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಮೇಜರ್ ಓಡಿಸಲು ಹೋಗಿದ್ದ. ಗೇರ್ ಹಾಕಿದ ಕೂಡಲೇ ಗಾಡಿ ಬೀದಿಗೆಲ್ಲ ಕೇಳುವಂತೆ ಹಲ್ಲು ಕಡಿದು ಕಿರುಚಿತು. ಡ್ರೈವರು ಮೂರು ದಿನ ಮಗನ ಜೊತೆ ಮಾತು ಬಿಟ್ಟಿದ್ದರು.

"ಹೇಗೆ ಹಾಕೋದು ಅಂತ ಹೇಳಿಕೊಡಿ ಮತ್ತೆ" ಎಂದಿದ್ದ ಮಗ.

"ಅದು ಹೇಳಿಕೊಡೋದಲ್ಲ. ಬರಬೇಕು ಅಷ್ಟೇ."

ಅಲ್ಲಿಗೆ ಆ ಪಾಠ ಮುಗಿದಿತ್ತು.

ಅತ್ತೆ ಮೇಜರ್‌ನಲ್ಲಿ ಹೋಗತೊಡಗಿ ಎರಡು ವರ್ಷ. ಊಟದ ಡಬ್ಬಿ ಹಿಡಿದು ಬೆಳಿಗ್ಗೆ ಮುಂದಿನ ಸೀಟು ಹತ್ತಿದರೆ ಸಂಜೆಯೇ ಇಳಿಯುವುದು. "ಮುದಿವಯಸ್ಸಲ್ಲಿ ಯಜಮಾನರನ್ನ ಕಾವಲು ಕಾಯ್ತಾರೆ" ಎಂದು ಬೀದಿಯ ಹೆಂಗಸರು ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದರು, ಇಲ್ಲ ಎನ್ನುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಮಗ ಊಟದ ನಡುವೆ ಸುದ್ದಿ ಹಾಕಿದ.

"ಗಣಿ ಮ್ಯಾನೇಜರು ಬೋರ್ಡ್ ಹಾಕಿಸಿದಾರೆ. ಮುಂದಿನ ತಿಂಗಳು ಒಂದನೇ ತಾರೀಕಿಂದ ಮುಂದಿನ ಸೀಟಲ್ಲಿ ಡ್ರೈವರ್ ಒಬ್ಬರೇ. ಬೇರೆ ಯಾರೂ ಕೂರಂಗಿಲ್ಲ. ವಿಮೆಯವರ ರೂಲ್ಸ್ ಅಂತೆ."

ಡ್ರೈವರ ಕೈ ತಟ್ಟೆಯಲ್ಲೇ ನಿಂತಿತು. ಅತ್ತೆ ಸಾರು ಬಡಿಸುತ್ತಿದ್ದವರು ಸೌಟು ಪಾತ್ರೆಗೆ ಬಿಟ್ಟರು.

"ಅಮ್ಮನಿಗೂ ರೆಸ್ಟ್ ಆಯ್ತು ಬಿಡಿ" ಎಂದ ಮಗ. "ಮನೇಲಿ ಬೆಚ್ಚಗೆ ಇರಲಿ."

ಡ್ರೈವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳದೆ ಕೈ ತೊಳೆದರು. ಆ ಮನೆಯಲ್ಲಿ ಅವರು ಎರಡನೇ ಸಲ ಅನ್ನ ಬೇಡವೆಂದದ್ದು ಸೊಸೆ ಬಂದ ಆರು ವರ್ಷದಲ್ಲಿ ಅದೇ ಮೊದಲು.

ಭಾನುವಾರ ಸೊಸೆ ಮನೆಯವರ ಚಪ್ಪಲಿಯನ್ನೆಲ್ಲ ಅಂಗಳದ ನಲ್ಲಿಯ ಹತ್ತಿರ ರಾಶಿ ಹಾಕಿ ಬ್ರಷ್ ಹಿಡಿದು ಕೂತಳು. ಅತ್ತೆಯ ಚಪ್ಪಲಿ ಕೈಗೆ ಬಂದಾಗ ಎಡದ್ದು ಹೊಸದರ ಹಾಗೆ ಇತ್ತು. ಬಲದ್ದರ ಅಟ್ಟೆ ಬೆರಳ ಬುಡದಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು. ಅಲ್ಲಿ ಚೌಕ ಚೌಕವಾದ ಗುರುತು, ಬಿಸ್ಕತ್ತಿನ ಮೇಲೆ ಅಚ್ಚು ಒತ್ತಿದ ಹಾಗೆ. ಸೊಸೆ ಚಪ್ಪಲಿ ಹಿಡಿದುಕೊಂಡೇ ಹೋಗಿ ಮೇಜರ್‌ನ ಬಾಗಿಲು ತೆಗೆದಳು. ಕ್ಲಚ್ ಪೆಡಲಿನ ಮೇಲೆ ಇಟ್ಟು ನೋಡಿದಳು. ಚೌಕಕ್ಕೆ ಚೌಕ ಸರಿಯಾಗಿ ಕೂತಿತು.

ಬಾಗಿಲು ಹಾಗೇ ತೆರೆದಿಟ್ಟು ಹಿತ್ತಿಲಿಗೆ ನಡೆದಳು.

ಅತ್ತೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದರು. ಸೊಸೆ ಚಪ್ಪಲಿಯನ್ನು ಅವರ ಮುಂದೆ ಹಿಡಿದಳು.

"ಅತ್ತೆ, ಇದೇನು?"

"ಚಪ್ಪಲಿ. ಇನ್ನೇನು?"

"ನಿಮ್ಮ ಚಪ್ಪಲಿ ಮೇಲೆ ಕ್ಲಚ್ಚಿನ ಅಚ್ಚು ಯಾಕಿದೆ?"

ಅತ್ತೆ ಒದ್ದೆ ಅಂಗಿಯನ್ನು ಎರಡು ಸಲ ಕೊಡವಿದರು. ಆಮೇಲೆ ಸುತ್ತ ನೋಡಿ, ಧ್ವನಿ ಇಳಿಸಿ, "ಅವರ ಕಾಲಲ್ಲಿ ಆಗಲ್ಲ ಕಣೇ" ಎಂದರು. "ಎರಡು ವರ್ಷ ಆಯ್ತು. ಒಂದು ದಿನ ಏಳನೇ ತಿರುವಲ್ಲಿ ಒತ್ತೋಕೆ ಹೋದ್ರು, ಮಂಡಿ ಹಿಡ್ಕೊಂಡುಬಿಡ್ತು. ಪುಣ್ಯಕ್ಕೆ ನಾನು ಪಕ್ಕದಲ್ಲಿದ್ದೆ. ಆವತ್ತಿಂದ ಅವರು 'ಹೂಂ' ಅಂತಾರೆ, ನಾನು ಒತ್ತುತೀನಿ. 'ಹೂಂ' ಅಂದ್ರೆ ಬಿಡ್ತೀನಿ."

"ಮೂವತ್ತು ಜನ ಹಿಂದೆ ಕೂತಿರ್ತಾರೆ ಅತ್ತೆ! ನಿಮ್ಮ ಮಗ ಕೂತಿರ್ತಾರೆ!"

"ಎರಡು ವರ್ಷದಲ್ಲಿ ಒಂದು ಸಲ ತಪ್ಪಿದೀನಾ ನಾನು?"

ಅತ್ತೆ ಅಂಗಿಯನ್ನು ಹಗ್ಗಕ್ಕೆ ಹಾಕಿ ಅವಳ ಕೈ ಹಿಡಿದುಕೊಂಡರು.

"ಅವನಿಗೆ ಹೇಳಬೇಡ. ಅಪ್ಪನ್ನ ಅವತ್ತೇ ಇಳಿಸಿ ಕೂರಿಸ್ತಾನೆ. ಇಳಿದ್ರೆ ಇವರು ಉಳಿಯಲ್ಲ, ನನಗೆ ಗೊತ್ತು."

ಒಂದನೇ ತಾರೀಕಿಗೆ ಮೂರು ವಾರ ಉಳಿದಿತ್ತು.

ಸೊಸೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಗಂಡ ಬೆಳಿಗ್ಗೆ ಚಹಾ ಕುಡಿದು ಮೇಜರ್ ಹತ್ತುವಾಗ ಅವಳು ಗೇಟಿನವರೆಗೂ ಹಿಂದೆಯೇ ಹೋಗುತ್ತಿದ್ದಳು. ಹೇಳಿಬಿಡೋಣ ಎಂದು ಬಾಯಿ ತೆರೆದರೆ ಅತ್ತೆಯ ಮುಖ ಎದುರಿಗೆ ಬರುತ್ತಿತ್ತು. ಮೂರನೆಯ ಸಂಜೆ ಅವಳು ಕಾರ್ಖಾನೆಯಿಂದ ಒಂದು ಹಳೆಯ ಗಾಳಿ ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಮುರಿದ ಪ್ರೆಸ್ ಯಂತ್ರದಿಂದ ಬಿಚ್ಚಿದ್ದು, ಮೊಳದುದ್ದ; ಗಾಳಿ ತುಂಬಿದರೆ ಒಳಗಿನ ದಂಡ ಮುಂದಕ್ಕೆ ತಳ್ಳುತ್ತದೆ. ಮಾಲೀಕರೇ ಕೊಟ್ಟದ್ದು. ಅದನ್ನು ಮಾವನ ಮುಂದೆ ಬೆಂಚಿನ ಮೇಲೆ ಇಟ್ಟಳು.

"ಏನಿದು?" ಎಂದರು ಡ್ರೈವರು.

"ನಿಮ್ಮ ಎಡಗಾಲು."

ಡ್ರೈವರು ಹೆಂಡತಿಯ ಕಡೆ ತಿರುಗಿದರು. ಅತ್ತೆ ಒಲೆಯ ಕಡೆ ತಿರುಗಿದರು.

"ಓಹೋ. ಅತ್ತೆ ಸೊಸೆ ಒಂದಾಗಿದೀರಿ."

"ಮಾವ, ಕೇಳಿ. ಕ್ಲಚ್ಚಿನ ರಾಡಿಗೆ ಇದನ್ನ ಜೋಡಿಸ್ತೀನಿ. ಗೇರ್ ಲಿವರಿನ ತಲೆ ಮೇಲೆ ಒಂದು ಹಿಡಿ ಇರತ್ತೆ. ಬೆರಳಲ್ಲಿ ಒತ್ತಿದ್ರೆ ಗಾಳಿ ಹೋಗಿ ಕ್ಲಚ್ ತಾನೇ ಒತ್ತತ್ತೆ, ಬಿಟ್ರೆ ಬಿಡತ್ತೆ. ಪೆಡಲ್ ಇದ್ದ ಹಾಗೇ ಇರತ್ತೆ."

"ಮೇಜರ್‌ಗೆ ಯಾರೂ ಕೈ ಹಾಕೋದು ಬೇಡ."

"ಹಾಗಾದ್ರೆ ಒಂದನೇ ತಾರೀಕು ಯಾರು ಕಾಲು ಹಾಕ್ತಾರೆ?"

ಡ್ರೈವರು ಎದ್ದು ಹೊರಗೆ ಹೋದರು. ಹೋದವರು ಅಂಗಳದಲ್ಲಿ ಲಾರಿಯ ಸುತ್ತ ಎರಡು ಸುತ್ತು ಕುಂಟಿಕೊಂಡು ಬಂದು, ಕಿಟಕಿಯಲ್ಲಿ ಮುಖ ತೂರಿಸಿದರು.

"ಗಾಳಿ ಎಲ್ಲಿಂದ ತರ್ತೀಯ?"

"ಬ್ರೇಕಿನ ಟ್ಯಾಂಕಿಂದ."

"ಬ್ರೇಕಿನ ಗಾಳಿ ಕದಿಯೋದಾ? ಆ ಗಾಳಿ ಹೋದ್ರೆ ಬ್ರೇಕೇ ಹಿಡಿಯಲ್ಲ. ತಲೆ ನೆಟ್ಟಗಿದೆಯೇನಮ್ಮ ನಿಂದು?"

"ಬೇರೆ ಟ್ಯಾಂಕ್ ಕೂರಿಸೋಕೆ ಬ್ರಾಕೆಟ್ ಮಾಡಬೇಕು, ಗಾಳಿ ತುಂಬೋ ಪಂಪಿನ ಲೈನು ಒಡೆದು ಎರಡು ಮಾಡಬೇಕು. ಇದನ್ನ ಕೂರಿಸೋಕೇ ಉಳಿದ ದಿನ ಎಲ್ಲ ಬೇಕು ಮಾವ. ಲೆಕ್ಕ ಹಾಕಿ ಮಾಡ್ತೀನಿ. ಇಳಿಯುವಾಗ ಎಷ್ಟು ಸಲ ಗೇರ್ ಬದಲಾಯಿಸ್ತೀರಿ ಹೇಳಿ."

ಡ್ರೈವರು ಕಣ್ಣು ಮುಚ್ಚಿಕೊಂಡು ಹನ್ನೊಂದು ತಿರುವನ್ನೂ ಇಳಿದು ಬಂದರು. "ಮೂವತ್ತು" ಎಂದರು. "ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ."

"ನಾನು ನಲವತ್ತು ಸಲ ಒತ್ತಿದ್ರೂ ಸಾಲೋ ಹಾಗೆ ಮಾಡ್ತೀನಿ" ಎಂದಳು ಸೊಸೆ. ರಟ್ಟಿನ ಚೂರಿನ ಮೇಲೆ ಲೆಕ್ಕ ಬರೆದು ತೋರಿಸಿದಳು. ಡ್ರೈವರಿಗೆ ಆ ಗೀಟುಗಳೆಲ್ಲ ಅರ್ಥವಾಗಲಿಲ್ಲ. ಆದರೆ ಬರೆದವಳ ಕೈ ನಡುಗಲಿಲ್ಲವೆಂದು ನೋಡಿದರು. ಅವರು ಮನುಷ್ಯರನ್ನು ಅಳೆಯುತ್ತಿದ್ದದ್ದು ಹಾಗೆಯೇ.

ಮಗನಿಗೆ ಹೇಳಿದ್ದು ಅರ್ಧ ಮಾತ್ರ: ಅಪ್ಪನ ಮಂಡಿಗೆ ಸ್ವಲ್ಪ ಸಲೀಸಾಗಲಿ ಎಂದು ಒಂದು ಹಿಡಿ ಕೂರಿಸುತ್ತಿದ್ದೇವೆ ಅಂತ. "ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಇನ್ನೊಂದು ವರ್ಷಕ್ಕೆ ನಿಲ್ಲಿಸಲಿ" ಎಂದು ಗೊಣಗಿ ಅವನು ಪೇಪರ್ ಓದಲು ಕೂತ.

ಮುಂದಿನ ವಾರಗಳಲ್ಲಿ ಮನೆಯ ದಿನಚರಿ ತಲೆಕೆಳಗಾಯಿತು. ಸೊಸೆ ಕೆಲಸದಿಂದ ಬಂದು ನೇರ ಲಾರಿಯ ಅಡಿಗೆ ಮಲಗುವಳು. ಅತ್ತೆ ಅಡುಗೆ ಮಾಡಿ, ಬಟ್ಟೆ ಒಗೆದು, ನಡುನಡುವೆ ಬಂದು ಸ್ಪ್ಯಾನರ್ ಕೊಡುವರು. ಡ್ರೈವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಯಾರೂ ಕೇಳದಿದ್ದರೂ ಸಲಹೆ ಕೊಡುವರು.

"ಆ ಬೋಲ್ಟ್ ಬಿಗಿ ಮಾಡಬೇಡ. ಮೇಜರ್‌ಗೆ ನೋವಾಗತ್ತೆ."

"ಮಾವ, ಒಳಗೆ ಹೋಗಿ ಚಹಾ ಕುಡೀರಿ."

"ಕುಡಿದಾಯ್ತು."

"ಇನ್ನೊಂದು ಕುಡೀರಿ."

ಮೊದಲ ಪರೀಕ್ಷೆ ಅಂಗಳದಲ್ಲೇ. ಡ್ರೈವರು ಹಿಡಿ ಒತ್ತಿದರು, ಮೊದಲನೇ ಗೇರ್ ಹಾಕಿದರು, ಹಿಡಿ ಬಿಟ್ಟರು. ಗಾಳಿ ಒಮ್ಮೆಲೇ ಹೊರಗೆ ಹೋಗಿ ಮೇಜರ್ ಕಪ್ಪೆಯಂತೆ ಹಾರಿತು. ನೀರಿನ ಡ್ರಮ್ಮು ಗೋಡೆಗೆ ಸಿಕ್ಕಿ ಅಪ್ಪಚ್ಚಿ. ಅಂಗಳ ತುಂಬ ನೀರು.

"ನಾಳೆ ಸ್ನಾನಕ್ಕೆ ಏನು ಮಾಡೋದು?" ಎಂದು ಮಗ ಒಳಗಿಂದ ಕೂಗಿದ.

"ಮೇಜರ್‌ಗೆ ಮಾಡಿಸಿದೀನಿ, ಸಾಕು" ಎಂದರು ಡ್ರೈವರು. ನಗಲಿಲ್ಲ. ಗುಡ್ಡದ ಅಂಚಿನಲ್ಲಿ ಹೀಗೆ ಹಾರಿದ್ದರೆ ಎಂದು ಎಲ್ಲರೂ ಯೋಚಿಸಿದರು.

ಸೊಸೆ ಗಾಳಿ ನಿಧಾನ ಬಿಡುವ ತಿರುಪು ಜೋಡಿಸಿದಳು. ಮೊದಲು ತೀರಾ ನಿಧಾನವಾಯಿತು. ಕ್ಲಚ್ಚು ಸುಟ್ಟ ವಾಸನೆ ಅಡುಗೆಮನೆಗೂ ಬಂತು. ಮತ್ತೆ ಕಾಲು ಸುತ್ತು ತಿರುಗಿಸಿದಳು. ಐದನೆಯ ಸಂಜೆ ಮೇಜರ್ ಅಂಗಳದಲ್ಲಿ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ ಹೋಯಿತು. ಡ್ಯಾಶ್‌ಬೋರ್ಡಿನ ಮೇಲೆ ಅತ್ತೆ ಇಟ್ಟ ಚಹಾದ ಲೋಟ ಚೆಲ್ಲಲಿಲ್ಲ. ಡ್ರೈವರು ಕೆಳಗಿಳಿದು ಸೊಸೆಯ ತಲೆಯ ಮೇಲೆ ಕೈ ಇಟ್ಟರು. ಗ್ರೀಸು ಮೆತ್ತಿದ ತಲೆ. ಅವರ ಕೈಯೂ ಕಪ್ಪಾಯಿತು.

ಒಂದನೇ ತಾರೀಕು ಸೊಸೆ ರಜ ಹಾಕಿದಳು. ಬೆಳಿಗ್ಗೆ ಮ್ಯಾನೇಜರು ತಾವೇ ಮನೆಯ ಗೇಟಿಗೆ ಬಂದು ನಿಂತರು.

"ಏನಮ್ಮ, ಇವತ್ತು ಯಜಮಾನರನ್ನ ಒಬ್ಬರನ್ನೇ ಕಳಿಸ್ತಿದೀರಾ?"

"ಧೈರ್ಯ ಬಂದಿದೆ" ಎಂದರು ಅತ್ತೆ.

ಡ್ರೈವರು ಸೀಟಿಗೆ ಹತ್ತಿದರು. ಎಡಕ್ಕೆ ತಿರುಗಿ ಖಾಲಿ ಸೀಟು ನೋಡಿ, ಅದರ ಮೇಲೆ ಊಟದ ಡಬ್ಬಿ ಇಟ್ಟುಕೊಂಡರು. ಮೇಜರ್ ಹೊರಟಿತು. ಅತ್ತೆ ಗೇಟು ಹಿಡಿದು ನಿಂತೇ ಇದ್ದರು. ಹತ್ತುವಾಗ ಬ್ರೇಕಿನ ಕೆಲಸ ಇಲ್ಲ. ಎಂಜಿನ್ ಜೋರಾಗಿ ತಿರುಗುತ್ತದೆ, ಟ್ಯಾಂಕಿಗೆ ಗಾಳಿ ತುಂಬುತ್ತಲೇ ಇರುತ್ತದೆ. ಎಂಟು ಗಂಟೆಗೆ ಮಗನಿಂದ ಫೋನು: "ತಲುಪಿದ್ವಿ. ಅಪ್ಪ ಹೀರೋ ಥರ ಬೆರಳಲ್ಲಿ ಗೇರ್ ಹಾಕ್ತಿದಾರೆ." ಮನೆಯಲ್ಲಿ ಅವತ್ತು ಮಧ್ಯಾಹ್ನ ಇಬ್ಬರೂ ಹೆಂಗಸರು ಹೊಟ್ಟೆ ತುಂಬ ಉಂಡರು. ಎಷ್ಟೋ ದಿನದ ಮೇಲೆ ಸೊಸೆ ಒಂದು ಗಂಟೆ ನಿದ್ದೆ ಮಾಡಿದಳು.

ಸಂಜೆ ಐದೂವರೆಗೆ ಇಬ್ಬರೂ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಾಗ ಗುಡ್ಡದ ಮೇಲಿಂದ ಮೇಜರ್‌ನ ಶಬ್ದ ಕೇಳಿತು. ಆ ಶಬ್ದ ಊರಿಗೆಲ್ಲ ಗಡಿಯಾರ ಇದ್ದಂತೆ. ಸೊಸೆ ಸಿಪ್ಪೆ ಒಟ್ಟು ಮಾಡುತ್ತ ಸುಮ್ಮನೆ ಕೆಳಗೆ ನೋಡಿದಳು. ಅತ್ತೆಯ ಬಲಗಾಲು ನೆಲವನ್ನು ಒತ್ತಿ ಬಿಟ್ಟಿತು, ಮತ್ತೆ ಒತ್ತಿ ಬಿಟ್ಟಿತು. ಗುಡ್ಡದಲ್ಲಿ ಎಂಜಿನ್ನಿನ ಧ್ವನಿ ಬದಲಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕಾಲು ಒತ್ತಿತು, ಬಿಟ್ಟಿತು, ಒತ್ತಿತು, ಬಿಟ್ಟಿತು. ಧ್ವನಿ ಬದಲಾಯಿತು.

"ಅತ್ತೆ."

"ಹೂಂ."

"ಅದು ಒಂದೇ ಗೇರ್ ತಾನೇ ಬದಲಾಯಿಸಿದ್ದು?"

"ಹೌದು. ಎರಡರಿಂದ ಮೂರಕ್ಕೆ."

"ನೀವು ಎರಡು ಸಲ ಯಾಕೆ ಒತ್ತಿದ್ರಿ?"

ಅತ್ತೆ ತಲೆ ಎತ್ತಿ, ಇದೆಂಥ ಪ್ರಶ್ನೆ ಎನ್ನುವಂತೆ ನೋಡಿದರು. "ಎರಡು ಸಲವೇ ಅಲ್ವೇನೇ ಒತ್ತೋದು? ಇದ್ದ ಗೇರ್ ಬಿಡಿಸೋಕೆ ಒಂದು, ಹೊಸದು ಹಾಕೋಕೆ ಇನ್ನೊಂದು. ಇಲ್ಲದಿದ್ರೆ ಹಲ್ಲು ಕಿರುಚತ್ತೆ. ಹಳೇ ಗಾಡಿ ಅಲ್ವಾ."

ಸೊಸೆಯ ಕೈಯಿಂದ ಚಾಕು ಬಿತ್ತು.

ಮೂವತ್ತು ಗೇರು. ಅರವತ್ತು ಸಲ ಒತ್ತಬೇಕು. ಅವಳು ಲೆಕ್ಕ ಹಾಕಿದ್ದು ನಲವತ್ತಕ್ಕೆ. ಅಂಗಳದಲ್ಲಿ ನಿಂತ ಗಾಡಿಯನ್ನು ಮುಂದೆ ಹಿಂದೆ ಓಡಿಸಿದ್ದಷ್ಟೇ. ಅಲ್ಲಿ ಎರಡು ಸಲದ ಪ್ರಶ್ನೆಯೇ ಬಂದಿರಲಿಲ್ಲ. ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ನಲವತ್ತು ವರ್ಷ ಹಾಗೇ ಓಡಿಸಿದವರಿಗೆ ಅದು ಹೇಳುವ ಸಂಗತಿ ಎಂದೇ ತೋಚಿರಲಿಲ್ಲ. ಇಳಿಜಾರಿನಲ್ಲಿ ಎಂಜಿನ್ ಮೆಲ್ಲಗೆ ತಿರುಗುತ್ತದೆ, ಮುದಿ ಪಂಪು ಗಾಳಿ ತುಂಬುವುದೂ ಮೆಲ್ಲಗೆ. ಪ್ರತಿ ಒತ್ತಿಗೂ ಬ್ರೇಕಿನ ಗಾಳಿ ಕಳೆಯುತ್ತಿದೆ.

"ಬ್ರೇಕ್ ಹೋಗತ್ತೆ ಅತ್ತೆ. ಅರ್ಧ ದಾರೀಲಿ ಬ್ರೇಕ್ ಹೋಗತ್ತೆ."

ಗಂಡನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಆ ಗಾಡಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಇಬ್ಬರೂ ಬರಿಗಾಲಲ್ಲಿ ಅಂಗಳಕ್ಕೆ ಓಡಿ ಬಂದರು. ಗುಡ್ಡದ ಮೈಮೇಲೆ ದೂಳು ಏಳುತ್ತಿತ್ತು. ಗಾಡಿ ಕಾಣುತ್ತಿರಲಿಲ್ಲ.

"ಈಗ ಎಷ್ಟನೇ ತಿರುವು?"

"ಮೇಲಿಂದ ನಾಲ್ಕು, ಇಲ್ಲಿಗೆ ಇಪ್ಪತ್ತು ಸಲ ಒತ್ತಾಯ್ತು" ಎಂದರು ಅತ್ತೆ, ಕಣ್ಣು ಮುಚ್ಚಿ. ಅವರ ಕಾಲು ಒತ್ತುತ್ತಲೇ ಇತ್ತು. ಸೊಸೆ ಅದನ್ನು ನೋಡಿ ಎಣಿಸಿದಳು. ಇಪ್ಪತ್ತೆರಡು. ಇಪ್ಪತ್ತನಾಲ್ಕು. ಏನೂ ಮಾಡಲು ಆಗದೆ ಎಣಿಸುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಇಪ್ಪತ್ತೆಂಟು. ಆರನೇ ತಿರುವು. ಮೂವತ್ತೆರಡು. ಅವಳು ಅತ್ತೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಚಿಕ್ಕ ಮಗುವಿನ ಹಾಗೆ ಹಿಡಿದಿದ್ದೇನೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮೂವತ್ತನಾಲ್ಕಕ್ಕೆ ಅತ್ತೆಯ ಕಾಲು ನಿಂತಿತು.

"ಏನಾಯ್ತು? ಅತ್ತೆ, ಏನಾಯ್ತು?"

"ಸುಮ್ನಿರು."

ಗುಡ್ಡದಿಂದ ಒಂದೇ ಧ್ವನಿ ಬರುತ್ತಿತ್ತು. ದಪ್ಪ, ಸಿಟ್ಟಿನ ಧ್ವನಿ, ಏರಲಿಲ್ಲ, ಇಳಿಯಲಿಲ್ಲ.

"ಎರಡನೇ ಗೇರ್ ಹಾಕಿ ಬಿಟ್ಟಿದಾರೆ" ಎಂದರು ಅತ್ತೆ. "ಮೂರನೇದಕ್ಕೆ ಹೋಗ್ತಿಲ್ಲ. ಇಲ್ಲಿ ಹೋಗಬೇಕಿತ್ತು, ಹೋಗಲಿಲ್ಲ. ಮುಳ್ಳು ನೋಡಿದಾರೆ ಕಣೇ. ಗಾಳಿ ಎಷ್ಟಿದೆ ಅಂತ ತೋರಿಸೋ ಮುಳ್ಳು. ಇನ್ನು ಬದಲಾಯಿಸಲ್ಲ, ಎಂಜಿನ್ನೇ ಗಾಡೀನ ಹಿಡ್ಕೊಳತ್ತೆ."

ಉಳಿದ ನಾಲ್ಕು ತಿರುವಿಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು. ಮನುಷ್ಯ ನಡೆಯುವ ವೇಗದಲ್ಲಿ ಮೇಜರ್ ಬೀದಿಯ ಕೊನೆಯಲ್ಲಿ ಕಾಣಿಸಿಕೊಂಡಿತು. ಹಿಂದೆ ಕೂತವರು ಹಾಡು ಹೇಳುತ್ತಿದ್ದರು. ಕೆಲವರು ಲಾರಿಯ ಪಕ್ಕ ತಟ್ಟುತ್ತಿದ್ದರು. ಗೇಟಿನ ಮುಂದೆ ಡ್ರೈವರು ಎಂಜಿನ್ ಆರಿಸಿದರು. ಗಾಡಿ ಗೇರಿನಲ್ಲೇ ಮುಗ್ಗರಿಸಿ ನಿಂತಿತು. ಕೈಬ್ರೇಕು ಎಳೆದ ಸದ್ದು ಕೇಳಿತು. ಅದಕ್ಕೆ ಗಾಳಿ ಬೇಡ.

ಮಗ ಹಿಂದಿನಿಂದ ಹಾರಿದ. "ಏನಪ್ಪಾ, ನಿದ್ದೆ ಬಂತಾ? ನಡ್ಕೊಂಡು ಬಂದಿದ್ರೆ ಬೇಗ ಬರ್ತಿದ್ವಿ!"

ಹಲವರು ನಕ್ಕರು. ಡ್ರೈವರು ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದ ಕೈ ಬಿಡಿಸಿಕೊಳ್ಳಲು ಅವರಿಗೆ ಆಗುತ್ತಿರಲಿಲ್ಲ. ಸೊಸೆ ಮೆಟ್ಟಿಲು ಹತ್ತಿ ಒಳಗೆ ನೋಡಿದಳು. ಮುಳ್ಳು ಕೆಂಪು ಗೀಟಿಗಿಂತ ಕೆಳಗೆ ಮಲಗಿತ್ತು.

"ತಪ್ಪು ನನ್ನದು ಮಾವ. ನಾನು ಒಂದೇ ಸಲ ಅಂದ್ಕೊಂಡೆ."

"ನೀನು ಕೇಳಿದ್ದು ಗೇರು, ನಾನು ಹೇಳಿದ್ದು ಗೇರು" ಎಂದರು ಡ್ರೈವರು. ಅವರ ತುಟಿ ಒಣಗಿತ್ತು. "ಯಾರಿಗೂ ಹೇಳಿಕೊಡಲಿಲ್ಲ ನಾನು. ಅದೇ ತಪ್ಪು."

"ಏನು ಒಂದು ಸಲ, ಎರಡು ಸಲ? ಏನು ನಡೀತಿದೆ ಇಲ್ಲಿ?" ಎಂದ ಮಗ.

ಡ್ರೈವರು ಆಗ ಇಳಿದರು. ಒಂದೊಂದೇ ಮೆಟ್ಟಿಲು, ಬಾಗಿಲು ಹಿಡಿದುಕೊಂಡು. ಇಳಿದು, ಮನೆಗೆ ಹೊರಟಿದ್ದ ಮೂವತ್ತು ಜನಕ್ಕೂ ಕೇಳುವ ಹಾಗೆ ಕೂಗಿ ಹೇಳಿದರು.

"ನಿಲ್ಲಿ ಎಲ್ಲರೂ. ಎರಡು ವರ್ಷದಿಂದ ನನ್ನ ಎಡಗಾಲು ಕ್ಲಚ್ ಒತ್ತಿಲ್ಲ. ನಿಮ್ಮನ್ನ ದಿನಾ ಇಳಿಸಿದ್ದು ನನ್ನ ಹೆಂಡತಿ, ಇವಳ ಕಾಲು. ಇವತ್ತು ಇವಳು ಇರಲಿಲ್ಲ, ಬ್ರೇಕಿನ ಗಾಳಿ ಮುಗೀತಿತ್ತು. ಅದಕ್ಕೇ ನಿಧಾನ ಬಂದೆ. ಹೇಳಬೇಕಿತ್ತು, ಹೇಳಲಿಲ್ಲ. ಹೆದರಿಕೆ ಆಗಿತ್ತು ನನಗೆ."

ನಗು ನಿಂತಿತು. ಯಾರೋ ಒಬ್ಬಳು ಮುದುಕಿ "ಅಯ್ಯೋ ದೇವರೇ" ಎಂದಳು. ಮಗ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ.

"ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು."

"ದಿನಾ ಬೆಳಿಗ್ಗೆ ಚಹಾ ಕೊಟ್ಟು ಕಳಿಸ್ತಿದ್ದೆಯಲ್ಲೇ. ಗೊತ್ತಿದ್ದೂ ಕಳಿಸ್ತಿದ್ದೆ."

ಸೊಸೆಗೆ ಅಳು ಬಂತು. ಮಗ ಅವಳನ್ನು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವತ್ತು ಸುಲಿದ ಆಲೂಗಡ್ಡೆ ನೀರಿನಲ್ಲೇ ಉಳಿಯಿತು.

ಮರುದಿನದಿಂದ ಮೇಜರ್ ಅಂಗಳ ಬಿಡಲಿಲ್ಲ. ಕೆಲಸದವರು ಗುಡ್ಡವನ್ನು ನಡೆದು ಹತ್ತಿದರು. ಮಗನೂ ನಡೆದ. ಮನೆಯಲ್ಲಿ ಮಾತು ಉಪ್ಪು, ನೀರು ಕೇಳುವುದಕ್ಕಷ್ಟೇ ಉಳಿಯಿತು. ನಾಲ್ಕನೆಯ ದಿನ ಮಗ ಕಾಲಿನ ಬೊಬ್ಬೆಗೆ ಎಣ್ಣೆ ಹಚ್ಚುತ್ತ ಬಾಯಿ ತೆರೆದ.

"ಕ್ಲಚ್ಚಿಗೆ ಬೇರೆ ಗಾಳಿ ಟ್ಯಾಂಕ್ ಕೂರಿಸೋಕೆ ಎಷ್ಟು ದಿನ ಬೇಕು?"

"ಒಂದು ವಾರ" ಎಂದಳು ಸೊಸೆ. "ಬ್ರಾಕೆಟ್ ಹಿಡ್ಕೊಳೋಕೆ ಇನ್ನೊಬ್ಬರು ಇದ್ರೆ ನಾಲ್ಕು ದಿನ."

ಮಗ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದ. "ಎಲ್ಲಿ ಹಿಡ್ಕೋಬೇಕು ತೋರಿಸು."

ಬ್ರೇಕಿನ ಟ್ಯಾಂಕು ಬ್ರೇಕಿಗೇ ಉಳಿಯಿತು. ಕ್ಲಚ್ಚಿಗೆ ಬೇರೆ ಟ್ಯಾಂಕು ಬಂತು. ಕ್ಲಚ್ಚಿನದು ಖಾಲಿಯಾದರೂ ಬ್ರೇಕಿನದು ಖಾಲಿಯಾಗದಂತೆ ನಡುವೆ ಒಂದು ವಾಲ್ವು. ಈ ಸಲ ಸೊಸೆ ಲೆಕ್ಕ ಬರೆದದ್ದು ನೂರಕ್ಕೆ. ಬರೆಯುವ ಮುಂಚೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದು ತಿರುವಿಗೂ ಕಾಲು ಒತ್ತಿ ತೋರಿಸಿ ಎಂದಳು. ಡ್ರೈವರು ಮಗನನ್ನು ಸೀಟಿಗೆ ಹತ್ತಿಸಿದರು.

"ಮೊದಲ ಒತ್ತು, ನ್ಯೂಟ್ರಲ್. ಬಿಡು. ಎಂಜಿನ್ ಮಾತು ಕೇಳು. ಈಗ ಎರಡನೇ ಒತ್ತು, ಗೇರ್."

"ಇಷ್ಟೇನಾ?" ಎಂದ ಮಗ. "ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?"

ಡ್ರೈವರು ಲಿವರಿನ ಹಿಡಿಯ ಮೇಲಿನ ಗ್ರೀಸು ಒರೆಸಿದರು. ಆಮೇಲೆ ಮೆಲ್ಲಗೆ, "ಹೇಳಿಬಿಟ್ರೆ ನನ್ನ ಹತ್ರ ಏನು ಉಳೀತಿತ್ತೋ?" ಎಂದರು.

ಮೂರು ದಿನ ಡ್ರೈವರು ಒಬ್ಬರೇ ಮೂವತ್ತು ಜನರ ತೂಕದ ಕಲ್ಲು ಹೇರಿಕೊಂಡು ಹತ್ತಿ ಇಳಿದರು. ಪ್ರತಿ ಸಲ ಗಾಳಿ ಮುಳ್ಳು ಎಲ್ಲಿತ್ತೆಂದು ಮ್ಯಾನೇಜರು ಬರೆದುಕೊಂಡರು. ಎಂಟನೆಯ ಸಲಕ್ಕೆ "ಸಾಕು" ಎಂದರು.

ಸೋಮವಾರ ಬೆಳಿಗ್ಗೆ ಕೆಲಸದವರು ಗೇಟಿನ ಮುಂದೆ ಬಂದು ನಿಂತರು. ಡ್ರೈವರು ಎಂಜಿನ್ ಹಚ್ಚಿ ಕಾದರು. ಯಾರೂ ಹತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು; ಒಬ್ಬ ಚಪ್ಪಲಿ ಸರಿಮಾಡಿಕೊಳ್ಳಲು ಬಗ್ಗಿದವನು ಏಳಲೇ ಇಲ್ಲ. ಕನ್ನಡಿಯಲ್ಲಿ ಅದನ್ನೆಲ್ಲ ನೋಡುತ್ತಿದ್ದ ಡ್ರೈವರ ಕುತ್ತಿಗೆ ಒಳಕ್ಕೆ ಹೋಯಿತು. ಸೊಸೆ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಮಗ ಚಹಾದ ಲೋಟವನ್ನು ಅವಳ ಕೈಗೆ ಕೊಟ್ಟ.

"ಸಕ್ಕರೆ ಕಡಿಮೆ ಹಾಕಿದೀಯ" ಎಂದ. ಇಷ್ಟು ದಿನದಲ್ಲಿ ಅವನು ಅವಳ ಅಡುಗೆಯ ಬಗ್ಗೆ ಆಡಿದ ಮೊದಲ ಮಾತು. ಎಲ್ಲರನ್ನೂ ದಾಟಿ ಹೋಗಿ ಲಾರಿಯ ಹಿಂದೆ ಹತ್ತಿ, ಡ್ರೈವರ ಬೆನ್ನಿಗೆ ಸರಿಯಾಗಿ ಕೂತು, ತಗಡಿನ ಮೇಲೆ ಎರಡು ಸಲ ತಟ್ಟಿದ. ಆಮೇಲೆ ಅಯ್ಯೋ ದೇವರೇ ಎಂದಿದ್ದ ಮುದುಕಿ ಕೈ ಚಾಚಿದಳು. ಅವನು ಎಳೆದುಕೊಂಡ. ಉಳಿದವರು ಒಬ್ಬೊಬ್ಬರಾಗಿ ಹತ್ತಿದರು.

ಸಂಜೆ ಸೊಸೆ ಕೆಲಸದಿಂದ ಬೇಗ ಬಂದಳು. ಅತ್ತೆ ಅಡುಗೆಮನೆಯಲ್ಲಿ ಬೆಂಚಿನ ಮೇಲೆ ಕೂತಿದ್ದರು, ಮಂಡಿಯ ಮೇಲೆ ಬಿಸಿನೀರಿನ ಚೀಲ. ಪೂರ್ತಿ ಚೀಲ ಅವರಿಗೇ. ಕಾಲಲ್ಲಿ ಹೊಸ ಚಪ್ಪಲಿ. ಸೊಸೆ ಚಾಕು ತೆಗೆದುಕೊಂಡು ಎದುರಿಗೆ ಕೂತಳು. ಐದೂವರೆ ಆಯಿತು. ಗುಡ್ಡದ ಮೇಲಿಂದ ಶಬ್ದ ಶುರುವಾಯಿತು.

ಅತ್ತೆಯ ಬಲಗಾಲು ನೆಲವನ್ನು ಒತ್ತಿ ಬಿಟ್ಟಿತು, ಮತ್ತೆ ಒತ್ತಿ ಬಿಟ್ಟಿತು.

"ಅತ್ತೆ, ಇನ್ನು ಬೇಡ. ಮಂಡಿ ನೋಯತ್ತೆ."

"ನಾನೆಲ್ಲಿ ಒತ್ತಿದೆ?" ಎಂದರು ಅತ್ತೆ. "ಸುಮ್ನೆ ಇದೀನಿ."

ಸೊಸೆ ಸಿಪ್ಪೆ ಸುಲಿಯುತ್ತ, ಬಾಯಲ್ಲಿ ಏನೂ ಹೇಳದೆ, ಎಣಿಸತೊಡಗಿದಳು. ಮೂವತ್ತೆರಡು. ಮೂವತ್ತನಾಲ್ಕು. ಅಲ್ಲಿ ಅವಳ ಕೈ ನಿಂತಿತು. ಅತ್ತೆಯ ಕಾಲು ಮತ್ತೆ ಒತ್ತಿತು. ಮೂವತ್ತಾರು. ಅರವತ್ತು ಆದಾಗ ಬೀದಿಯ ತುದಿಯಲ್ಲಿ ಮೇಜರ್‌ನ ಹಾರ್ನ್ ಕೇಳಿತು. ಅತ್ತೆ ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದು, ಚೀಲವನ್ನು ಬಲ ಮಂಡಿಯ ಪಕ್ಕಕ್ಕೆ ಸರಿಸಿ, ತಾವು ಎಡಕ್ಕೆ ಜರುಗಿ, ಗಂಡನಿಗೆ ಕೂರಲು ಜಾಗ ಮಾಡಿದರು.